ಬಿಸಿಲ ಸೀಮೆಯ ಮಕ್ಕಳು ಮತ್ತು ಶಾಲೆಯ ನೆರಳು

ಪರವೂರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬಿಜ್ಜರಗಿಯ ಬಿಸಿಲನ್ನು ನೆನಪಿಸಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿಯೇ ಪಾದರಸ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ, ಕಾಡೆಂಬುದು ಹೆಸರಿಗಷ್ಟೇ ಇರುವ ಸೀಮೆ ನಮ್ಮದು. ಇಂಥ ನೆಲದಲ್ಲಿ ಹಿರಿಯರು ಮಕ್ಕಳನ್ನು ಕಾಪಾಡಿಕೊಂಡು ಬಂದ ಬಗೆಗೂ ಒಂದು ಇತಿಹಾಸವಿದೆ. ಆದಿಲ್‌ಶಾಹಿಗಳ ಇತಿಹಾಸವನ್ನು ತರಗತಿಯಲ್ಲಿ ಹೇಳಿದ್ದೇನೆ. ಇದು ಪಠ್ಯದಲ್ಲಿ ಇರಲಿಲ್ಲ.

ಮೊದಲ ರಕ್ಷಣೆ ಮನೆಯದು. ದಪ್ಪ ಗೋಡೆ, ಮಣ್ಣು ಹೊದಿಸಿದ ಮಾಳಿಗೆ. ಹೊರಗಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಎಳೆಗೂಸಿಗೆ ಕುಂಚಿಗೆ. ಖಣದ ಇಲ್ಲವೆ ಹಳೆಯ ಸೀರೆಯ ತುಂಡುಗಳಿಂದ ಅಜ್ಜಿ ಹೊಲಿದ ಅದು ನೆತ್ತಿ, ಕಿವಿ, ಬೆನ್ನುಗಳನ್ನು ಒಟ್ಟಿಗೇ ಮುಚ್ಚುತ್ತಿತ್ತು. ದೊಡ್ಡ ಮಕ್ಕಳಿಗೆ ಮಜ್ಜಿಗೆ, ಅಂಬಲಿ. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯದೆಂಬುದು ನಂಬಿಕೆ ಮಾತ್ರ. ಕಾಯುತ್ತಿದ್ದುದು ನೀರು ಮತ್ತು ನೆರಳು. ಮಗುವಿನ ದೇಹ ದೊಡ್ಡವರ ದೇಹಕ್ಕಿಂತ ಬೇಗ ಕಾಯುತ್ತದೆ, ಅದು ಬೆವರುವುದೂ ಕಡಿಮೆ. ಆಟದ ಭರದಲ್ಲಿ ನೀರಡಿಕೆಯ ನೆನಪೂ ಅದಕ್ಕೆ ಇರದು.

ಎರಡನೆಯ ರಕ್ಷಣೆ ಗಡಿಯಾರದ್ದು. ಬಿಸಿಲೇರುವ ಮುನ್ನ ಪಾಠ ಮುಗಿಸುವ ಮುಂಜಾನೆಯ ಶಾಲೆಯನ್ನು ನೀವೆಲ್ಲ ಕಂಡವರು. ಸರಕಾರವೂ ಈ ಸೀಮೆಯ ಬಿಸಿಲಿಗೆ ಮನ್ನಣೆ ಕೊಟ್ಟಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶಗಳು ಹೊರಟಿವೆ, 2025ರಲ್ಲಿಯೂ ಹೊರಟಿತು. ಇನ್ನು ಬೇಸಿಗೆಯ ರಜೆ: ಏಪ್ರಿಲ್ 10ರ ಆಸುಪಾಸಿಗೆ ಆರಂಭವಾಗಿ ಮೇ ಕೊನೆಯವರೆಗೆ.

ಆದರೆ ರಜೆ ಎಲ್ಲ ಮಕ್ಕಳಿಗೂ ನೆರಳಲ್ಲ. ಹೊಲವಿಲ್ಲದ ಮನೆಯ ಮಗು ರಜೆಯಲ್ಲಿ ಕುರಿಯ ಹಿಂದೆ ನಡೆಯುತ್ತದೆ. ತಾಂಡಾದ ಮಗು ದುಡಿಮೆ ಅರಸಿ ಹೊರಟ ತಾಯಿತಂದೆಯರ ಜೊತೆ ಮಹಾರಾಷ್ಟ್ರಕ್ಕೋ ಗೋವೆಗೋ ಹೋಗಿ ಕೆಲಸದ ಜಾಗದಲ್ಲಿಯೇ ಹಗಲು ಕಳೆಯುತ್ತದೆ. ಅಂಥವರಿಗೆ ಶಾಲೆಯ ಪಡಸಾಲೆಯೇ ನೆರಳು, ಅಲ್ಲಿಯ ಕೊಡವೇ ನೀರು. 2002ರಲ್ಲಿ ಅಕ್ಷರ ದಾಸೋಹವು ಮೊದಲು ನಮ್ಮದೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದಾಗ ಆ ನೆರಳಿಗೆ ಬಿಸಿಯೂಟವೂ ಸೇರಿತು. 2004ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಊಟ ನೀಡಬೇಕೆಂದು ಆದೇಶಿಸಿತು. ಅದು ಹಸಿವಿನ ಕುರಿತಾದ ಆದೇಶ. ಆದರೂ ನಡು ಮಧ್ಯಾಹ್ನದ ಒಂದಿಷ್ಟು ಹೊತ್ತು ಮಗುವನ್ನು ಸೂರಿನಡಿ ಕೂರಿಸುವ ಶಕ್ತಿ ಅದಕ್ಕಿತ್ತೆಂದು ನಾನು ತಿಳಿದಿದ್ದೇನೆ.

ಈಗ ಮಣ್ಣಿನ ಮಾಳಿಗೆಗಳು ಬಿದ್ದು ಪತ್ರಾಸಿನ ಸೂರುಗಳು ಎದ್ದಿವೆ. ಪತ್ರಾಸಿನ ಕೆಳಗಿನ ಮಧ್ಯಾಹ್ನ ಎಂಥದೆಂದು ಅಲ್ಲಿ ತೊಟ್ಟಿಲು ಕಟ್ಟಿದ ತಾಯಿಯೇ ಬಲ್ಲಳು. 2010ರ ಬಿಸಿಗಾಳಿಗೆ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದು, 2013ರಲ್ಲಿ ಬಿಸಿಲನ್ನು ಎದುರಿಸುವ ನಗರಯೋಜನೆಯೊಂದನ್ನು ರೂಪಿಸಿತು. ಬಡವರ ಮನೆಯ ಸೂರಿಗೆ ಬಿಳಿಯ ಸುಣ್ಣ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ಸುಣ್ಣ ನಮಗೆ ಹೊಸದಲ್ಲ, ದುಬಾರಿಯೂ ಅಲ್ಲ.

ಇಂದು ತಿಕೋಟಾ ಭಾಗವೆಲ್ಲ ದ್ರಾಕ್ಷಿಯ ನಾಡು. ಒಣದ್ರಾಕ್ಷಿಯನ್ನು ನಮ್ಮ ರೈತರು ಬಯಲು ಬಿಸಿಲಿಗೆ ಹರವುವುದಿಲ್ಲ. ನೇರ ಬಿಸಿಲಿಗೆ ಬಣ್ಣ ಕೆಡುತ್ತದೆಂದು ನೆರಳುಪರದೆ ಕಟ್ಟಿದ ಶೆಡ್ಡಿನಲ್ಲಿ ಒಣಗಿಸುತ್ತಾರೆ. ಬೆಳೆಗೆ ಇಷ್ಟು ಎಚ್ಚರ ವಹಿಸುವ ಊರಿಗೆ ಮಕ್ಕಳ ನೆರಳು ಅಸಾಧ್ಯದ ಮಾತಲ್ಲ. ನಿಮ್ಮಲ್ಲಿ ಕೆಲವರು ಈಗ ತೋಟದ ಒಡೆಯರು, ಕೆಲವರು ಪಂಚಾಯಿತಿಯ ಸದಸ್ಯರು, ಕೆಲವರು ಶಿಕ್ಷಕರೇ ಆಗಿದ್ದೀರಿ. ರಜೆಯ ಮಧ್ಯಾಹ್ನಗಳಲ್ಲಿ ಶಾಲೆಯ ಪಡಸಾಲೆಯ ಬಾಗಿಲು ತೆರೆದಿಡಿಸಿರಿ; ಅಲ್ಲಿ ಒಂದು ಹರವಿ ನೀರು ತುಂಬಿಸಿ ಇಡಿರಿ.