ನಡೆದರೆ ನೋಯುವ ಕಾಲಿಗೆ ನಡಿಗೆಯೇ ಚಿಕಿತ್ಸೆ

ನಿಂತರೆ ಹೋಗುವ ನೋವು

ಒಂದಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಹಲವರು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಕಾಲಿಗೆ ಶುದ್ಧರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುವುದರ ಲಕ್ಷಣವೂ ಇದಾಗಿರಬಹುದು. ಬೀಡಿ, ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಇದರ ದೊಡ್ಡ ಕಾರಣಗಳು. ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಎಂದರ್ಥ.

ನೋಯುವವರೆಗೆ ನಡೆಸುವುದು

ಇದಕ್ಕೆ ಕೊಡುವ ಮೇಲ್ವಿಚಾರಣೆಯ ವ್ಯಾಯಾಮದಲ್ಲಿ ರೋಗಿ ಫಿಸಿಯೋಥೆರಪಿಸ್ಟ್ ಕಣ್ಣೆದುರು ಟ್ರೆಡ್‌ಮಿಲ್ ಮೇಲೆ ನಡೆಯುತ್ತಾರೆ. ನೋವು ಮಧ್ಯಮ ಮಟ್ಟಕ್ಕೆ ಏರಿದಾಗ ಕುಳಿತು, ಅದು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧದಿಂದ ಒಂದು ಗಂಟೆ, ಕನಿಷ್ಠ ಮೂರು ತಿಂಗಳು. ಅಮೆರಿಕದ ಮೆಡಿಕೇರ್ ವಿಮೆ 2017ರಿಂದ 12 ವಾರಗಳಲ್ಲಿ 36 ಸರದಿಗಳ ಖರ್ಚು ಭರಿಸುತ್ತಿದೆ.

"ದಿನಾ ವಾಕಿಂಗ್ ಮಾಡಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದೇ? ಸಾಮಾನ್ಯವಾಗಿ ಸಾಲುವುದಿಲ್ಲ. ನೋವು ಬಂದಾಗ ನಿಲ್ಲುವುದು ಮನುಷ್ಯ ಸ್ವಭಾವ, ನೋವಿನತ್ತ ಹೆಜ್ಜೆ ಹಾಕುವುದಕ್ಕೆ ಪಕ್ಕದಲ್ಲಿ ಧೈರ್ಯ ಹೇಳುವವರು ಬೇಕು. ನನ್ನ ಮಟ್ಟಿಗೆ ಈ ಚಿಕಿತ್ಸೆಯ ಅರ್ಧ ಔಷಧ ಆ ಫಿಸಿಯೋಥೆರಪಿಸ್ಟೇ. ವೇಗ, ಏರು ಹೆಚ್ಚಿಸುವುದೂ ಎದೆನೋವಿನ ಮೇಲೆ ಕಣ್ಣಿಡುವುದೂ ಅವರದೇ ಕೆಲಸ.

ನಾಳ ತೆರೆಯದೆಯೇ

ವಿಚಿತ್ರವೆಂದರೆ, ಮೂರು ತಿಂಗಳ ನಂತರ ಹರಡಿನ ಒತ್ತಡ ಅಳೆದರೆ ಹೆಚ್ಚೇನೂ ಬದಲಾಗಿರುವುದಿಲ್ಲ. ಅಡಚಣೆ ಇದ್ದಲ್ಲೇ ಇರುತ್ತದೆ. ಬದಲಾಗುವುದು ಸ್ನಾಯು: ಬಂದಷ್ಟೇ ರಕ್ತದಿಂದ ಹೆಚ್ಚು ಆಮ್ಲಜನಕ ಹೀರಲು ಕಲಿಯುತ್ತದೆ. ನಾಳಗಳ ಒಳಪದರ ಸುಲಭವಾಗಿ ಹಿಗ್ಗುತ್ತದೆ, ನಡಿಗೆಗೆ ತಗಲುವ ಶ್ರಮವೂ ಇಳಿಯುತ್ತದೆ.

ಸ್ಟೆಂಟ್ ಜೊತೆ ಹೋಲಿಸಿದಾಗ

ಕ್ಲೆವರ್ ಎಂಬ ಅಧ್ಯಯನ ಹೊಟ್ಟೆ, ಸೊಂಟದ ಭಾಗದ ನಾಳಗಳಲ್ಲಿ ಅಡಚಣೆ ಇದ್ದ 111 ಮಂದಿಯನ್ನು ತೆಗೆದುಕೊಂಡಿತು. ಆರು ತಿಂಗಳಿಗೆ ವ್ಯಾಯಾಮದವರ ನಡಿಗೆಯ ಅವಧಿ ಸರಾಸರಿ 5.8 ನಿಮಿಷ ಹೆಚ್ಚಿತು; ಸ್ಟೆಂಟ್ ಹಾಕಿಸಿಕೊಂಡವರದು 3.7, ಬರೀ ಮಾತ್ರೆಯವರದು 1.2. ಆದರೆ ಬದುಕು ಎಷ್ಟು ಹಗುರಾಯಿತೆಂದು ಕೇಳಿದಾಗ ಹೆಚ್ಚು ಸಮಾಧಾನ ಹೇಳಿದವರು ಸ್ಟೆಂಟಿನವರು.

ಆರು ತಿಂಗಳ ಬಳಿಕ ವ್ಯಾಯಾಮದವರಿಗೆ ಉಳಿದದ್ದು ಫೋನ್ ಸಲಹೆ ಮಾತ್ರ. ಆದರೂ 18ನೇ ತಿಂಗಳಲ್ಲಿ ಅವರ ಹೆಚ್ಚಳ 5 ನಿಮಿಷದಷ್ಟಿತ್ತು. ನೆದರ್ಲೆಂಡ್ಸ್‌ನಲ್ಲಿ 151 ರೋಗಿಗಳನ್ನು ಸುಮಾರು ಏಳು ವರ್ಷ ಗಮನಿಸಿದಾಗ ನಡಿಗೆಯಲ್ಲೂ ಜೀವನಮಟ್ಟದಲ್ಲೂ ವ್ಯಾಯಾಮದವರ ಮತ್ತು ನಾಳ ಹಿಗ್ಗಿಸಿಕೊಂಡವರ ಗುಂಪುಗಳು ಸರಿಸಮವಾಗಿದ್ದವು. ಒಟ್ಟು ಶಸ್ತ್ರಕ್ರಿಯೆ, ಸ್ಟೆಂಟ್‌ಗಳ ಸಂಖ್ಯೆ ಮಾತ್ರ ವ್ಯಾಯಾಮದವರಲ್ಲಿ ಕಡಿಮೆ. ಗಳಿಸಿದ್ದು ಉಳಿಯಬೇಕಾದರೆ ತರಬೇತಿ ಮುಗಿದ ಮೇಲೂ ನಡೆಯುತ್ತಿರಬೇಕು. ಹೃದಯಾಘಾತದ ಅಪಾಯವನ್ನು ಇದೊಂದೇ ತಡೆಯುವುದಿಲ್ಲ. ತಂಬಾಕು ಬಿಡುವುದು, ಸ್ಟ್ಯಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ ಜೊತೆಗಿರಬೇಕು.

ಯಾರಿಗೆ ಸಲ್ಲದು

ಮಲಗಿದಾಗಲೂ ಪಾದ ಉರಿಯುವವರು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಹಾಯೆನಿಸುವವರು, ಮಾಯದ ಹುಣ್ಣು ಅಥವಾ ಕಪ್ಪಾದ ಬೆರಳಿರುವವರು ಟ್ರೆಡ್‌ಮಿಲ್ ಹತ್ತದೆ ತಡಮಾಡದೆ ರಕ್ತನಾಳ ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹದವಾಗಿ ಹೊಂದುವ ಬೂಟು ತೊಟ್ಟೇ ನಡೆಯಬೇಕು. ಪ್ರತಿ ಸರದಿಯ ನಂತರ ಅಂಗಾಲನ್ನು ಯಾರಿಂದಲಾದರೂ ನೋಡಿಸಿಕೊಳ್ಳುವುದು ಒಳ್ಳೆಯದು.