ಗದ್ದೆಯಂಚಿನ ಮನೆ ಹೇಳುವ ಪಾಠ

ಕೊಡಗಿಗೆ ಪ್ರವಾಸ ಹೋದಾಗ ನೀವು ಗಮನಿಸಿರಬಹುದು. ಅಲ್ಲಿನ ಎಷ್ಟೋ ಹೊಸ ರೆಸಾರ್ಟ್‌ಗಳಲ್ಲಿ ಮರದ ಕಂಬ, ಕೆಂಪು ಹೆಂಚು, ಉದ್ದನೆಯ ಜಗಲಿ ಇರುತ್ತವೆ. ಬೆಂಗಳೂರಿನಲ್ಲೂ ನಡುವೆ ತೊಟ್ಟಿಯಿರುವ ಮನೆ ಕಟ್ಟಿಸುವವರಿದ್ದಾರೆ. ಈ ರೂಪ ಕೇವಲ ಅಲಂಕಾರಕ್ಕಾಗಿ ಹುಟ್ಟಿದ್ದೇ? ಉತ್ತರಕ್ಕೆ ಕೊಡಗಿನ ಐನ್‌ಮನೆಯ ಅಂಗಳಕ್ಕೆ ಹೋಗೋಣ.

ಬೇಸಾಯ ಬರೆದ ನಕ್ಷೆ

ಒಬ್ಬ ಮೂಲಪುರುಷನಿಂದ ಬಂದ ಕುಲಕ್ಕೆ ಕೊಡಗಿನಲ್ಲಿ ‘ಒಕ್ಕ’ ಎನ್ನುತ್ತಾರೆ. ಒಕ್ಕದ ಮೂಲಮನೆಯೇ ಐನ್‌ಮನೆ. ಬೆಟ್ಟಗಳ ನಡುವಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಮೆಕ್ಕಲು ಸೇರುತ್ತದೆ. ಅದು ಭತ್ತದ ಗದ್ದೆಗೆ ಮೀಸಲು. ಗದ್ದೆ ಕಣ್ಣಿಗೆ ಕಾಣುವಂತೆ ಅದರ ಮೇಲಿನ ಎತ್ತರದ ನೆಲದಲ್ಲಿ ಮನೆ. ಅದಕ್ಕೆ ಹೊಂದಿದಂತೆ ಮರಗಳಿರುವ ‘ಬಾಣೆ’. ಸೊಪ್ಪುಗೊಬ್ಬರ, ಸೌದೆ, ಮನೆಗೆ ಬೇಕಾದ ಮರ, ದನಗಳಿಗೆ ಮೇವು ಎಲ್ಲವೂ ಬಾಣೆಯಿಂದಲೇ ಸಿಗುತ್ತಿದ್ದವು. ಆ ಮರಗಳ ಬೇರುಗಳು ಇಳಿಜಾರಿನ ಮಣ್ಣನ್ನೂ ಹಿಡಿದಿಡುತ್ತಿದ್ದವು. ಗದ್ದೆ, ಮನೆ, ಬಾಣೆ ಮೂರೂ ಸೇರಿ ಒಂದೇ ಯೋಜನೆ.

ಮನೆಯ ಒಳಗೂ ಇದೇ ಲೆಕ್ಕಾಚಾರ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮಣ್ಣಿನ ಗೋಡೆ ನೆನೆದರೆ ಕುಸಿಯುತ್ತದೆ. ಆದ್ದರಿಂದ ಎತ್ತರದ ಜಗಲಿ, ಗೋಡೆಯನ್ನು ದಾಟಿ ಮುಂದೆ ಚಾಚಿದ ಸೂರು. ದೊಡ್ಡ ಐನ್‌ಮನೆಗಳಲ್ಲಿ ನಾಲ್ಕು ಕಡೆಯ ಮಾಡಿನ ನೀರು ನಡು ಅಂಗಳಕ್ಕೆ ಇಳಿದು ಮೋರಿಯ ಮೂಲಕ ಹೊರಗೆ ಹರಿಯುತ್ತದೆ. ಬಿಸಿಲ ದಿನಗಳಲ್ಲಿ ಅದೇ ಅಂಗಳದಿಂದ ಬಿಸಿಗಾಳಿ ಮೇಲೇರುತ್ತದೆ. ಅದರ ಜಾಗಕ್ಕೆ ತಂಪು ಗಾಳಿ ಒಳಬರುತ್ತದೆ. ದಪ್ಪ ಗೋಡೆಯು ಹಗಲಿನ ಶಾಖವನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ನೀವು ತರಗತಿಯಲ್ಲಿ ಓದುವ ಸಂವಹನ, ಉಷ್ಣಧಾರಣೆಗಳು ಇಲ್ಲಿ ವಾಸದ ಅನುಭವವಾಗಿವೆ.

ಹುಲ್ಲಿನಿಂದ ಹೆಂಚಿಗೆ

ಹಳ್ಳಿಯ ಮನೆ ಬದಲಾಗದೆ ನಿಂತಿತ್ತು ಎಂದು ಭಾವಿಸಬೇಡಿ. ಹಿಂದೆ ಹುಲ್ಲಿನ ಮಾಡೇ ಸಾಮಾನ್ಯ. ನೀರು ಬೇಗ ಜಾರಿಹೋಗಲು ಅದು ಕಡಿದಾಗಿರಬೇಕಿತ್ತು. ಮತ್ತೆ ಮತ್ತೆ ಹೊದಿಸಬೇಕಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಂದರ ಗಾಡಿಗೆ ಇನ್ನೊಂದು ಕೂರುವ ಈ ಹೆಂಚುಗಳು ಮುಂದೆ ಐನ್‌ಮನೆಗಳ ಮೇಲೂ ಬಂದವು. ಹೊಸ ವಸ್ತು ಬಂತು. ಚಾಚಿದ ಸೂರು, ಎತ್ತರದ ಜಗಲಿ ಉಳಿದವು. ಕಾರಣ, ಮಳೆ ಬದಲಾಗಿರಲಿಲ್ಲ.

ಮಣ್ಣು ಪ್ರಯೋಗಾಲಯಕ್ಕೆ ಬಂದಾಗ

ಹಳ್ಳಿಯ ತಿಳಿವಳಿಕೆ ನಗರಕ್ಕೆ ಬಂದ ಇನ್ನೊಂದು ದಾರಿಯೂ ಉಂಟು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿನ ಗೋಡೆಯ ದೌರ್ಬಲ್ಯವನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಮಣ್ಣು, ಮರಳುಗಳಿಗೆ ತುಸು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಹದಗೊಳಿಸಿದರೆ ಗಟ್ಟಿಯಾದ ಮಣ್ಣಿನ ಇಟ್ಟಿಗೆ ಸಿದ್ಧ. ಅದನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ, ಸೌದೆ ಉಳಿಯಿತು. ಬೆಂಗಳೂರಿನಲ್ಲಿ ಇಂದು ಇಂಥ ಇಟ್ಟಿಗೆಯ ಮನೆಗಳು ಹಲವಾರಿವೆ.

ಮಳೆನೀರಿನ ವಿಷಯದಲ್ಲೂ ನಗರ ಮಾಡಿನತ್ತ ನೋಡಬೇಕಾಯಿತು. 2009ರಲ್ಲಿ ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವ ನೀರೆಷ್ಟು? 100 × 0.97 = 97 ಘನ ಮೀಟರ್, ಅಂದರೆ 97,000 ಲೀಟರ್! ಐನ್‌ಮನೆ ಹೆಚ್ಚು ನೀರಿಗೆ ದಾರಿ ಬಿಟ್ಟಿತು. ನಗರ ಕಡಿಮೆ ನೀರನ್ನು ಹಿಡಿಯಬೇಕು. ಬೀಳುವ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮನೆ ಕಟ್ಟಬೇಕೆಂಬ ತತ್ವ ಮಾತ್ರ ಒಂದೇ.

2018ರ ಎಚ್ಚರಿಕೆ

ತತ್ವ ಮರೆತು ರೂಪವನ್ನಷ್ಟೇ ಎರವಲು ಪಡೆದರೆ ಏನಾಗುತ್ತದೆ? 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಬೆಟ್ಟಗಳು ಕುಸಿದವು. ಜೀವಹಾನಿಯಾಯಿತು, ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಅತಿಯಾದ ಮಳೆ ಮುಖ್ಯ ಕಾರಣ ನಿಜ. ಆದರೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಬುಡ ಕಡಿದ ಬೆಟ್ಟಕ್ಕೆ ಆಸರೆ ತಪ್ಪುತ್ತದೆ. ನೀರು ತುಂಬಿದ ಮಣ್ಣಿನ ತೂಕ ಹೆಚ್ಚುತ್ತದೆ, ರಂಧ್ರಗಳಲ್ಲಿನ ನೀರಿನ ಒತ್ತಡದಿಂದ ಅದರ ಹಿಡಿತ ಸಡಿಲವಾಗುತ್ತದೆ. ಇಂಥ ಜಾಗದಲ್ಲಿ ಕಂಬ ಎಷ್ಟು ಚೆನ್ನಾಗಿದ್ದರೇನು, ಹೆಂಚು ಎಷ್ಟು ಕೆಂಪಾಗಿದ್ದರೇನು?

ಹಳೆಯದೆಲ್ಲ ಶ್ರೇಷ್ಠವೆಂದು ಇದರ ಅರ್ಥವಲ್ಲ. ಇಂದು ಎಲ್ಲರಿಗೂ ಬಾಣೆ ಇಲ್ಲ, ದೊಡ್ಡ ಮರವೂ ಇಲ್ಲ. ಆದರೆ ನೀರು ಎಲ್ಲಿ ಹರಿಯುತ್ತದೆ, ಮಣ್ಣು ಎಷ್ಟು ತಾಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂಬ ರೈತನ ಮೂರು ಪ್ರಶ್ನೆಗಳು ಎಲ್ಲರಿಗೂ ಬೇಕು.

ಶಿಕ್ಷಕರೇ, ನಿಮ್ಮೂರಿನ ಒಂದು ಹಳೆಯ ಮನೆ, ಒಂದು ಹೊಸ ಮನೆ ಆರಿಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಎರಡರ ಒಳಗೂ ಹೊರಗೂ ಉಷ್ಣತೆ ಅಳೆಯುವಂತೆ ಮಕ್ಕಳಿಗೆ ಹೇಳಿ. ಮಳೆ ಬಂದಾಗ ಮಾಡಿನ ನೀರು ಹರಿಯುವ ದಾರಿಯನ್ನು ಅವರೇ ಚಿತ್ರಿಸಲಿ. ಅಜ್ಜ ಕಟ್ಟಿದ ಮನೆಯ ವಿಜ್ಞಾನ ಆಗ ತಾನಾಗಿ ತೆರೆದುಕೊಳ್ಳುತ್ತದೆ.