ಹೆಸರಿನಿಂದ ಅಂಕಿಗೆ: ಒಂದು ಪಟ್ಟಿಯ ಕಥೆ

ಹಳೆಯ ರೇಡಿಯೋ ಪೆಟ್ಟಿಗೆಯ ಗಾಜಿನ ಮೇಲೆ ಊರುಗಳ ಹೆಸರು ಅಚ್ಚಾಗಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಮುಳ್ಳನ್ನು ಹೆಸರಿನ ನೇರಕ್ಕೆ ತಂದರೆ ಆ ಊರಿನ ಧ್ವನಿ ಕೇಳುತ್ತಿತ್ತು. ಆದರೆ ಪೆಟ್ಟಿಗೆಗೆ ಊರಿನ ಹೆಸರು ತಿಳಿಯದು. ಅದಕ್ಕೆ ಬೇಕಾದುದು ಅಂಕಿ. ಬೆಂಗಳೂರು ಎಂಬುದು ನಮಗೆ ಹೆಸರು, ಪೆಟ್ಟಿಗೆಗೆ ಬಹುಕಾಲ 612 ಕಿಲೋಹರ್ಟ್ಸ್. ಎರಡನ್ನೂ ಜೋಡಿಸುತ್ತಿದ್ದುದು ಗಾಜಿನ ಮೇಲಿನ ಅಚ್ಚು. 1978ರ ನವೆಂಬರ್ 23ರಂದು, ಜಿನೀವಾ ಒಪ್ಪಂದಕ್ಕೆ ಅನುಸಾರವಾಗಿ, ಏಷ್ಯಾ, ಆಫ್ರಿಕಾ, ಯೂರೋಪು ಖಂಡಗಳ ಎಷ್ಟೋ ಮಧ್ಯಮ ತರಂಗದ ನಿಲಯಗಳು ತಮ್ಮ ಅಂಕಿಗಳನ್ನು ಬದಲಿಸಿದುವು. ನಿಲಯಗಳು ಸರಿದುವು, ಗಾಜಿನ ಮೇಲಿನ ಅಚ್ಚು ಮಾತ್ರ ಇದ್ದಲ್ಲಿಯೇ ಉಳಿಯಿತು.

ಇದೇ ತೊಡಕು ಗಣಕಯಂತ್ರಗಳ ಜಾಲಕ್ಕೂ ಬಂದಿತು. ಅದನ್ನು ಬಿಡಿಸಿದ ಬಗೆ ಸ್ವಾರಸ್ಯವಾದುದು. ಇಂದು ನಾವು ಫೋನಿನಲ್ಲಿ ಬ್ಯಾಂಕಿನ ಹೆಸರನ್ನು ಒತ್ತಿದಾಗ ನಮ್ಮ ಹಣದ ಕ್ಷೇಮವೂ ಸ್ವಲ್ಪ ಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್ 1969ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಆಗ ಅದರಲ್ಲಿದ್ದುವು ನಾಲ್ಕೇ ನೆಲೆಗಳು: ಮೂರು ಕ್ಯಾಲಿಫೋರ್ನಿಯಾದಲ್ಲಿ, ಒಂದು ಯೂಟಾ ವಿಶ್ವವಿದ್ಯಾನಿಲಯದಲ್ಲಿ. ನಾಲ್ಕು ಮನೆಯ ಓಣಿಗೆ ಪಟ್ಟಿ ಏತಕ್ಕೆ? ಯಂತ್ರಗಳು ಹೆಚ್ಚಿದಂತೆ ಮಾತ್ರ ಅದು ಬೇಕಾಯಿತು. ಮೆನ್ಲೋ ಪಾರ್ಕ್ ಎಂಬ ಊರಿನ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಜಾಲದ ಮಾಹಿತಿ ಕೇಂದ್ರವೊಂದಿತ್ತು. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಪ್ರತಿಯೊಂದು ಯಂತ್ರದ ಹೆಸರು, ಅದರ ಎದುರಿಗೆ ಅದರ ಅಂಕಿ; ಇಂತಹ ಒಂದು ಪಟ್ಟಿಯನ್ನು ಆಕೆಯ ಕಚೇರಿ ಕಾಪಾಡಿಕೊಂಡು ಬಂದಿತು. ‘ಹೋಸ್ಟ್ಸ್.ಟಿಎಕ್ಸ್‌ಟಿ’ ಎಂದು ಆ ಕಡತಕ್ಕೆ ಹೆಸರು. ಹೊಸ ಯಂತ್ರವನ್ನು ಕೂಡಿಸಿದವರು ಕಚೇರಿಗೆ ತಿಳಿಸುವರು. ಕಚೇರಿಯವರು ಪಟ್ಟಿಯಲ್ಲಿ ಬರೆಯುವರು. ಉಳಿದವರೆಲ್ಲರೂ ಹೊಸ ಪ್ರತಿಯನ್ನು ತರಿಸಿಕೊಳ್ಳುವರು.

ಊರು ಚಿಕ್ಕದಾಗಿದ್ದಾಗ ಶಾನುಭೋಗರೊಬ್ಬರೇ ಲೆಕ್ಕವಿಟ್ಟರೆ ಸಾಕು. ಜಾಲವು ನೂರಾರು ಯಂತ್ರಗಳಾಗಿ ಬೆಳೆದಾಗ ಕಷ್ಟಗಳು ಕಾಣಿಸಿಕೊಂಡುವು. ದೂರದಲ್ಲಿ ಯಾವುದೋ ಒಂದು ಯಂತ್ರದ ಅಂಕಿ ಬದಲಾದರೆ ಎಲ್ಲರೂ ಇಡೀ ಪಟ್ಟಿಯನ್ನು ಮತ್ತೆ ತರಿಸಬೇಕು. ತರಿಸುವುದರೊಳಗೆ ಅದು ಹಳತಾಗಿರುತ್ತಿತ್ತು. ಒಬ್ಬರು ಇಟ್ಟ ಹೆಸರನ್ನು ಇನ್ನೊಬ್ಬರು ಇಡುವಂತಿರಲಿಲ್ಲ. ಎಲ್ಲಕ್ಕೂ ಒಂದೇ ಕಚೇರಿಯ ಬಾಗಿಲನ್ನು ತಟ್ಟಬೇಕಾಗಿತ್ತು.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಶೋಧನಾಲಯದಲ್ಲಿದ್ದ ಜಾನ್ ಪೋಸ್ಟೆಲ್, ಈ ವಿಷಯವಾಗಿ ಬಂದಿದ್ದ ಸಲಹೆಗಳನ್ನು ಪರಿಶೀಲಿಸಿ ದಾರಿ ಹುಡುಕುವಂತೆ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರನ್ನು ಕೇಳಿದರು. ಮೊಕಪೆಟ್ರಿಸ್ ಹೊಸದೊಂದು ಏರ್ಪಾಡನ್ನೇ ರಚಿಸಿ 1983ರ ನವೆಂಬರಿನಲ್ಲಿ ಪ್ರಕಟಿಸಿದರು. ಅದರ ತಿದ್ದಿದ ರೂಪ 1987ರಲ್ಲಿ ಬಂದಿತು. ಅನಂತರ ಎಷ್ಟೋ ಸೇರ್ಪಡೆಗಳಾಗಿದ್ದರೂ ಇಂದಿಗೂ ಅದೇ ಅಡಿಪಾಯ. ಇಂಗ್ಲಿಷಿನಲ್ಲಿ ಇದನ್ನು ಡೊಮೈನ್ ನೇಮ್ ಸಿಸ್ಟಮ್ ಎನ್ನುತ್ತಾರೆ, ಚಿಕ್ಕದಾಗಿ ಡಿಎನ್‌ಎಸ್.

ಇದರ ಸೂತ್ರ ಬಲು ಸರಳ: ಪಟ್ಟಿಯನ್ನು ಒಬ್ಬರೇ ಇಡಬೇಕಾಗಿಲ್ಲ, ಅವರವರ ಲೆಕ್ಕವನ್ನು ಅವರವರೇ ಇಡಲಿ, ಯಾರ ಲೆಕ್ಕ ಎಲ್ಲಿದೆ ಎಂಬುದನ್ನಷ್ಟೇ ಮೇಲಿನವರು ಹೇಳಲಿ. ಹೆಸರಿನ ನಡುವಣ ಚುಕ್ಕಿ ಹುಟ್ಟಿದ್ದೇ ಇದಕ್ಕಾಗಿ. ಒಂದೊಂದು ಚುಕ್ಕಿಯಲ್ಲಿಯೂ ಜವಾಬ್ದಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬಹುದು. ಕಾಗದದ ಮೇಲಿನ ವಿಳಾಸವನ್ನು ಅಂಚೆಯವರು ಕೆಳಗಿನ ಸಾಲಿನಿಂದ ಮೇಲಕ್ಕೆ, ರಾಜ್ಯ, ಊರು, ಬೀದಿ, ಮನೆ ಎಂದು ಓದುತ್ತಾರಲ್ಲವೆ? ಹಾಗೆಯೇ ಈ ಹೆಸರನ್ನು ಯಂತ್ರವು ಬಲದಿಂದ ಎಡಕ್ಕೆ ಓದುತ್ತದೆ.

‘ಡಬ್ಲ್ಯುಡಬ್ಲ್ಯುಡಬ್ಲ್ಯು.ಎಕ್ಸಾಂಪಲ್.ಕಾಂ’ ಎಂಬ ಹೆಸರನ್ನು ನೋಡೋಣ. ಉದಾಹರಣೆಗೆಂದೇ ‘ಎಕ್ಸಾಂಪಲ್.ಕಾಂ’ ಅನ್ನು ತೆಗೆದಿರಿಸಿದ್ದಾರೆ. ನಮ್ಮ ಪರವಾಗಿ ವಿಚಾರಿಸುವ ಯಂತ್ರವೊಂದು ಸಾಮಾನ್ಯವಾಗಿ ಸಂಪರ್ಕ ಕೊಟ್ಟ ಕಂಪನಿಯಲ್ಲಿರುತ್ತದೆ. ಅದು ಮೊದಲು ಮೂಲದವರನ್ನು ಕೇಳುತ್ತದೆ. ಮೂಲದ ಯಂತ್ರಗಳಿಗೆ ‘ಎ’ಯಿಂದ ‘ಎಮ್’ವರೆಗೆ ಹದಿಮೂರು ಹೆಸರುಗಳು; ಅವುಗಳ ಪ್ರತಿರೂಪಗಳು ಲೋಕದ ನಾನಾ ಕಡೆ ಇವೆ. ಅವು “ನಮಗೆ ತಿಳಿಯದು, ‘ಕಾಂ’ನವರು ಇಲ್ಲಿದ್ದಾರೆ” ಎನ್ನುತ್ತವೆ. ‘ಕಾಂ’ನವರು “‘ಎಕ್ಸಾಂಪಲ್’ನ ಲೆಕ್ಕದವರು ಅಲ್ಲಿದ್ದಾರೆ” ಎನ್ನುತ್ತಾರೆ. ಕೊನೆಗೆ ಆ ಲೆಕ್ಕದವರು ಅಂಕಿಯನ್ನು ಕೊಡುತ್ತಾರೆ. ಇಷ್ಟೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಬಂದ ಉತ್ತರಕ್ಕೆ ದಾಖಲೆ ಎನ್ನುತ್ತಾರೆ. ಗೃಹಬಳಕೆಯ ಕಂಪ್ಯೂಟರಿನಲ್ಲಿಯೂ ‘ಎನ್‌ಎಸ್‌ಲುಕಪ್’ ಅಥವಾ ‘ಡಿಗ್’ ಎಂಬ ಆಜ್ಞೆಯಿಂದ ಅದನ್ನು ನೋಡಬಹುದು. ‘ಎ’ ದಾಖಲೆಯಲ್ಲಿ ನಾಲ್ಕು ಭಾಗಗಳ ಹಳೆಯ ಬಗೆಯ ಅಂಕಿ. ನಾಲ್ಕು ‘ಎ’ಗಳ ದಾಖಲೆಯಲ್ಲಿ ಹೊಸ ಬಗೆಯ ಉದ್ದನೆಯ ಅಂಕಿ. ‘ಎಮ್‌ಎಕ್ಸ್’ ದಾಖಲೆ ಆ ಹೆಸರಿಗೆ ಬಂದ ಅಂಚೆಯನ್ನು ಯಾವ ಯಂತ್ರಕ್ಕೆ ಒಯ್ಯಬೇಕೆಂದು ಹೇಳುತ್ತದೆ. ‘ಎನ್‌ಎಸ್’ ದಾಖಲೆಯಲ್ಲಿ ಲೆಕ್ಕವಿಡುವ ಯಂತ್ರಗಳ ಹೆಸರು. ಪ್ರತಿಯೊಂದು ದಾಖಲೆಯ ಜೊತೆಗೂ ಅದರ ಆಯುಷ್ಯವು ಸೆಕೆಂಡುಗಳಲ್ಲಿ ಬರೆದಿರುತ್ತದೆ. 86,400 ಎಂದಿದ್ದರೆ ಒಂದು ದಿನ. ಅಷ್ಟು ಹೊತ್ತು ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ಆಮೇಲೆ ಮತ್ತೆ ಕೇಳಬೇಕು. ಗಾಜಿನ ಮೇಲಿನ ಅಚ್ಚಿಗೆ ಇಲ್ಲದಿದ್ದ ಗುಣವಿದು: ತಾನು ಯಾವಾಗ ಹಳತಾಗುವೆನೆಂಬುದನ್ನು ದಾಖಲೆಯೇ ಹೇಳುತ್ತದೆ.

ಉತ್ತರ ಸಿಗದಿದ್ದಾಗಲೂ ವ್ಯತ್ಯಾಸವನ್ನು ಗಮನಿಸಬೇಕು. “ಅಂತಹ ಹೆಸರೇ ಇಲ್ಲ” ಎಂಬುದು ಒಂದು ಉತ್ತರ. “ಲೆಕ್ಕದವರಿಂದ ಮಾತು ಬರಲಿಲ್ಲ” ಎಂಬುದು ಬೇರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕೂ ವಾಟ್ಸಪ್ಪೂ ಸುಮಾರು ಆರು ಗಂಟೆ ನಿಂತುಹೋದುವು. ಹೆಸರುಗಳೇನೂ ಅಳಿಸಿಹೋಗಿರಲಿಲ್ಲ, ಕಂಪನಿಯ ಒಳಜಾಲದ ದುರಸ್ತಿಯಲ್ಲಾದ ತಪ್ಪಿನಿಂದ ಅವುಗಳ ಲೆಕ್ಕವಿಟ್ಟ ಯಂತ್ರಗಳಿಗೆ ಹೋಗುವ ದಾರಿಯೇ ಮುಚ್ಚಿತ್ತು.

ಈ ಏರ್ಪಾಡು ಹುಟ್ಟಿದ್ದು ಪರಸ್ಪರ ಪರಿಚಯವಿದ್ದ ವಿದ್ವಾಂಸರ ನಡುವೆ. ಉತ್ತರ ಕೊಟ್ಟವನು ಸುಳ್ಳಾಡಬಹುದೆಂಬ ಶಂಕೆಗೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ. ಪ್ರತಿ ಪ್ರಶ್ನೆಗೂ ಒಂದು ಗುರುತಿನ ಸಂಖ್ಯೆಯಿರುತ್ತದೆ. ಅದು 65,536 ಸಂಖ್ಯೆಗಳಲ್ಲಿ ಒಂದು. ಯಾರಾದರೂ ಅದನ್ನು ಊಹಿಸಿ, ನಿಜವಾದ ಉತ್ತರಕ್ಕಿಂತ ಮೊದಲೇ ಸುಳ್ಳು ಉತ್ತರವನ್ನು ತಲುಪಿಸಿದರೆ, ವಿಚಾರಿಸುವ ಯಂತ್ರ ಆ ಸುಳ್ಳನ್ನೇ ನೆನಪಿಟ್ಟುಕೊಂಡು ಕೇಳಿದವರಿಗೆಲ್ಲ ಹೇಳುತ್ತದೆ. ಇದನ್ನು ಕೆಲವೇ ಕ್ಷಣಗಳಲ್ಲಿ ಮಾಡಬಹುದೆಂದು 2008ರಲ್ಲಿ ಡ್ಯಾನ್ ಕಮಿನ್ಸ್ಕಿ ಎಂಬುವರು ಕಂಡುಕೊಂಡರು. ಅವರು ಅದನ್ನು ಬೀದಿಯಲ್ಲಿ ಸಾರದೆ ತಂತ್ರಾಂಶ ತಯಾರಕರಿಗೆ ಗುಟ್ಟಾಗಿ ತಿಳಿಸಿದರು. ಆ ವರ್ಷದ ಜುಲೈ 8ರಂದು ಹಲವು ಕಂಪನಿಗಳು ಒಂದೇ ದಿನ ತಿದ್ದುಪಡಿಯನ್ನು ಹೊರತಂದುವು. ಮೇಲಿನವರು ಕೆಳಗಿನವರಿಗೆ ಸಾಕ್ಷಿ ನಿಲ್ಲುವಂತೆ ದಾಖಲೆಗಳಿಗೆ ಮೊಹರು ಹಾಕುವ ಕ್ರಮವನ್ನು 2010ರ ಜುಲೈ 15ರಂದು ಮೂಲದ ಪಟ್ಟಿಗೂ ಜಾರಿಗೆ ತಂದರು. ಆದರೆ ಹೆಸರಿನ ಒಡೆಯರು ಮೊಹರು ಹಾಕಿದರೆ, ವಿಚಾರಿಸುವವರು ಅದನ್ನು ಪರೀಕ್ಷಿಸಿದರೆ ಮಾತ್ರ ಅದರಿಂದ ಪ್ರಯೋಜನ.

ಎಷ್ಟು ಮೊಹರು ಹಾಕಿದರೂ ಒಂದು ಮೋಸ ಉಳಿದೇ ಉಳಿಯುತ್ತದೆ. ದಾಖಲೆ ನಿಜವಾಗಿದ್ದು ಹೆಸರೇ ಬೇರೆಯಾಗಿದ್ದರೆ? ಹೆಸರು ಎಲ್ಲಿದೆಯೆಂದು ದಾಖಲೆ ಹೇಳೀತು. ಅಲ್ಲಿರುವವನು ಸಜ್ಜನನೆಂದು ಹೇಳದು. ಇದಕ್ಕಾಗಿಯೇ ರಿಸರ್ವ್ ಬ್ಯಾಂಕು, ನಮ್ಮ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಹೆಸರುಗಳಿಗೆ ಹೋಗಬೇಕೆಂದು ಆದೇಶಿಸಿತು. ಈ ಹೆಸರುಗಳನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದಕ್ಕೇ ಇದೆ. ಸಿಕ್ಕವರಿಗೆಲ್ಲ ಅದು ದೊರೆಯದು.

ಆದುದರಿಂದ ನಾವು ಕಲಿಯಬೇಕಾದುದು ಬಲದಿಂದ ಓದುವ ಅಭ್ಯಾಸ. ‘ನಮ್ಮಬ್ಯಾಂಕ್.ಬ್ಯಾಂಕ್.ಇನ್’ ಎಂಬುದು ಒಂದು, ‘ನಮ್ಮಬ್ಯಾಂಕ್.ಬ್ಯಾಂಕ್.ಇನ್.ಬೇರೆಮನೆ.ಕಾಂ’ ಎಂಬುದು ಮತ್ತೊಂದು. ಎಡಗಡೆಯಿಂದ ಓದಿದವನಿಗೆ ಎರಡೂ ಬ್ಯಾಂಕೇ. ಬಲಗಡೆಯಿಂದ ಓದಿದವನಿಗೆ ಎರಡನೆಯದು ‘ಬೇರೆಮನೆ’ಯವರ ಸೊತ್ತು, ಅದರ ಎಡಕ್ಕೆ ಏನು ಬರೆದುಕೊಳ್ಳುವುದೂ ಅವರ ಇಷ್ಟ. ಮೊದಲ ಓರೆಗೆರೆಯ ನಂತರ ಬರುವುದು ಹೆಸರಿಗೆ ಸೇರಿದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಮೆನ್ಲೋ ಪಾರ್ಕಿನ ಕಚೇರಿಯಿದ್ದಾಗ ಹೆಸರಿಗೆಲ್ಲ ಆ ಒಂದೇ ಕಚೇರಿ ಹೊಣೆಯಾಗಿತ್ತು. ಆ ಹೊಣೆಯನ್ನು ಹಂಚಿದುದರಿಂದ ಜಾಲವು ಲೋಕವ್ಯಾಪಿಯಾಯಿತು. ಹಂಚಿದ ಹೊಣೆಯಲ್ಲಿ ಒಂದು ಪಾಲು ನಮ್ಮ ಮನೆಗೂ ಬಂದಿದೆ: ಹೆಸರಿನ ಬಲತುದಿಯನ್ನು ನೋಡದೆ ಬಾಗಿಲೊಳಗೆ ಕಾಲಿಡದಿರುವುದು.